ಗೇಟಿನಿಂದ ಪೋರ್ಟಿಕೊವರೆಗಿನ ಕಾಂಕ್ರೀಟ್ ಬಿರಿದಿದೆ: ತೇಪೆ ಸಾಕೇ, ಒಡೆಸಬೇಕೇ?

ಪ್ರಶ್ನೆ (ಹುಬ್ಬಳ್ಳಿ): 30 ಅಡಿ ಉದ್ದ, 10 ಅಡಿ ಅಗಲ, 4 ಇಂಚು ದಪ್ಪದ ಕಾಂಕ್ರೀಟು. ಹಾಕಿಸಿ 12 ವರ್ಷ ಆಯ್ತು. ಅಡ್ಡಡ್ಡ ಮೂರು ಬಿರುಕು ಬಿಟ್ಟಿದೆ. ಗೇಟಿನ ಕಡೆ ಕುಸಿದು ಮಳೆನೀರು ನಿಲ್ಲುತ್ತದೆ. ಮೇಲೆ ಒಂದಿಂಚು ಮಾಲು (ಸಿಮೆಂಟ್ ಗಾರೆ) ಹಾಕಿದರೆ ಸಾಕು ಅಂತಾರೆ ಮೇಸ್ತ್ರಿ. ತಿಳಿದವರು ಹೇಳಿ.

ಉತ್ತರ 1: ಬಿರುಕು ಎಷ್ಟಿವೆ ಅನ್ನೋದಕ್ಕಿಂತ ಅದರ ಎರಡೂ ಬದಿ ಒಂದೇ ಮಟ್ಟದಲ್ಲಿವೆಯೇ ಅನ್ನೋದು ಮುಖ್ಯ. ಬಿರುಕಿಗೆ ಅಡ್ಡಲಾಗಿ ನೇರವಾದ ಮರದ ರೀಪರ್ ಪಟ್ಟಿ ಇಟ್ಟು ನೋಡಿ. ಎರಡೂ ಬದಿ ಸಮವಾಗಿದ್ದು, ಸಂದು 3 ಮಿ.ಮೀ. ಒಳಗಿದ್ದರೆ ಕಾಂಕ್ರೀಟು ಒಣಗುವಾಗ ಕುಗ್ಗಿ ಬಿಟ್ಟ ಬಿರುಕು, ತುಂಬಿದರೆ ಸಾಕು. ಒಂದು ಬದಿ ಕಾಲಿಂಚಿಗಿಂತ ಮೇಲೆದ್ದಿದ್ದರೆ ಅಥವಾ ಇಳಿದಿದ್ದರೆ ತಳ ಅಲುಗಿದೆ ಅಂತ ಲೆಕ್ಕ.

ಆಮೇಲೆ ಸುತ್ತಿಗೆಯಿಂದ ಅಡಿಗೊಂದರಂತೆ ತಟ್ಟುತ್ತಾ ಬನ್ನಿ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಅಡಿ ಪೊಳ್ಳಾಗಿರುವ ಕಡೆ ಡಬ್ ಅನ್ನುತ್ತದೆ. ಪೊಳ್ಳು ಭಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಬಿರುಕು ಬೆಳೀತಿದೆಯೋ ಅನ್ನೋ ಅನುಮಾನವಿದ್ದರೆ ಅದರ ಮೇಲೆ ತೆಳುವಾಗಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೆತ್ತಿ ದಿನಾಂಕ ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಅದು ಸೀಳದಿದ್ದರೆ ಬಿರುಕು ನಿಂತಿದೆ. ಜೇಡರ ಬಲೆಯಂಥ ಸಣ್ಣ ಗೀರುಗಳಿಗೆ ತಲೆಕೆಡಿಸಿಕೊಳ್ಳಬೇಡಿ. ಹಸಿ ಕಾಂಕ್ರೀಟಿನ ಮೇಲೆ ಸಿಮೆಂಟ್ ಪುಡಿ ಚೆಲ್ಲಿ ಉಜ್ಜಿದರೆ ಹಾಗಾಗುತ್ತದೆ. ನಮಗೆ ಮಣ್ಣು, ನೀರಿನದೇ ಕಾಟ.

ಉತ್ತರ 2 (ಹುಬ್ಬಳ್ಳಿ): ಸರ, ಮೊದಲ ಬುಡದಾಗ ಯಾವ ಮಣ್ಣ ಐತಿ ನೋಡ್ರಿ. ಎರಿಮಣ್ಣ (ಕರಿ ಜೇಡಿಮಣ್ಣ) ಇದ್ರ ಮ್ಯಾಲ ಎಷ್ಟ ಛಲೋ ಕೆಲಸ ಮಾಡಿದ್ರೂ ನಿಲ್ಲಂಗಿಲ್ಲ. ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಬಿರಿತೈತಿ. ಕನಿಷ್ಠ ಒಂದೂವರಿ ಅಡಿ ತಗದು ಗರಸು (ಹರಳು ಬೆರೆತ ಗಟ್ಟಿ ಮಣ್ಣ) ತುಂಬ್ರಿ, ಆರಾರ ಇಂಚಿಗೊಮ್ಮೆ ನೀರ ಹೊಡದು ಧಮ್ಮಸ್ ಮಾಡ್ರಿ. ಬರೇ ಉಸುಕು ತುಂಬಬ್ಯಾಡ್ರಿ, ಅದು ನೀರ ಹಿಡದು ಬುಡದ ಎರಿಮಣ್ಣಿಗೆ ಕುಡಸ್ತೈತಿ. ಮಾಳಗಿ ಪೈಪಿನ ನೀರ ಅಲ್ಲೇ ಬೀಳತಿದ್ರ ಅದನ್ನೂ ಬ್ಯಾರೆ ಕಡೆ ತಿರುವ್ರಿ.

ಪ್ರಶ್ನೆ ಕೇಳಿದವರು: ಪಟ್ಟಿ ಇಟ್ಟು ನೋಡಿದೆ. ಪೋರ್ಟಿಕೊ ಕಡೆಯ ಎರಡು ಬಿರುಕು ಸಮ ಇವೆ, ಸುಮಾರು 2 ಮಿ.ಮೀ. ಗೇಟಿನಿಂದ 10 ಅಡಿಗಿರುವ ಬಿರುಕಿನಲ್ಲಿ ಅರ್ಧ ಇಂಚು ಇಳಿದಿದೆ, ಅಲ್ಲಿಂದ ಗೇಟಿನವರೆಗೂ ಡಬ್ ಶಬ್ದ. ಬುಡದಲ್ಲಿ ಎರೆಮಣ್ಣೇ.

ಉತ್ತರ 3: ಹಾಗಿದ್ದರೆ ಪೂರ್ತಿ ಒಡೆಸುವ ಖರ್ಚು ಬೇಡ. ಗೇಟಿನ ಕಡೆಯ 10×10 ಅಡಿ ತೆಗೆಸಿ, ಉಳಿದದ್ದಕ್ಕೆ ತೇಪೆ ಸಾಕು. ಒಂದಿಂಚಿನ ಮಾಲು ಮಾತ್ರ ಒಪ್ಪಬೇಡಿ. ಅಷ್ಟು ತೆಳುವಾದದ್ದು ಬೇಗ ಒಣಗಿ ಕುಗ್ಗಿ ಹಳೆಯದರಿಂದ ಬಿಟ್ಟುಕೊಳ್ಳುತ್ತದೆ, ಕೆಳಗಿನ ಬಿರುಕು ಮೇಲಕ್ಕೂ ಬರುತ್ತದೆ. ಸಾಲದ್ದಕ್ಕೆ ಗೇಟು ನೆಲಕ್ಕೆ ಉಜ್ಜುತ್ತದೆ.

ಎರಡು ಸಣ್ಣ ಬಿರುಕುಗಳನ್ನು ಗ್ರೈಂಡರ್‌ನಿಂದ 10 ಮಿ.ಮೀ. ಅಗಲಕ್ಕೆ ಬಿಡಿಸಿ, ಧೂಳು ಊದಿ, ಪೂರ್ತಿ ಒಣಗಿದ ಮೇಲೆ ತಳಕ್ಕೆ ಫೋಮ್ ಹಗ್ಗ ತುರುಕಿ ಪಾಲಿಯುರೆಥೇನ್ ಸೀಲೆಂಟ್ (ರಬ್ಬರಿನಂತೆ ಹಿಗ್ಗಿ ಕುಗ್ಗುವ ಅಂಟು) ತುಂಬಿ. ಸೀಲೆಂಟಿನ ಆಳ ಅಗಲದ ಅರ್ಧದಷ್ಟಿರಲಿ. ಸಿಮೆಂಟ್ ಹಾಲು ಸುರಿಯುವುದು ದಂಡ, ಮೊದಲ ಬೇಸಿಗೆಗೇ ಬಿಡುತ್ತದೆ.

ಉತ್ತರ 4: ಹೊಸ ಭಾಗದ ಲೆಕ್ಕ ಹೀಗೆ. ನೀರಿನ ಟ್ಯಾಂಕರ್ ಒಳಗೆ ಬರದಿದ್ದರೂ ಗೇಟಿನ ಬಳಿ 5 ಇಂಚು ದಪ್ಪ ಇರಲಿ. 10×10 ಅಡಿಗೆ ಸುಮಾರು 42 ಘನ ಅಡಿ ಕಾಂಕ್ರೀಟು. 1:1.5:3 ಮಿಶ್ರಣಕ್ಕೆ (ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣ) ಸಿಮೆಂಟ್ 10 ಚೀಲ, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) 18 ಘನ ಅಡಿ, 20 ಎಂ.ಎಂ. ಜಲ್ಲಿ 36 ಘನ ಅಡಿ ಹಿಡಿಯುತ್ತದೆ. ಚೀಲಕ್ಕೆ 25 ಲೀಟರಿಗಿಂತ ಹೆಚ್ಚು ನೀರು ಬೇಡ, ಮರಳು ಒದ್ದೆ ಇದ್ದರೆ ಇನ್ನೂ ಕಡಿಮೆ. ಕೆಲಸಗಾರರು ಸುಲಭವಾಗಿ ಎಳೆಯಲೆಂದು ಬಕೆಟ್ ಸುರಿಯುತ್ತಾರೆ. ಆ ಹೆಚ್ಚಿನ ನೀರೇ ಮುಂದೆ ಬಿರುಕಾಗುವುದು, ಪಕ್ಕದಲ್ಲೇ ನಿಂತಿರಿ.

8 ಎಂ.ಎಂ. ಸರಳನ್ನು 8 ಇಂಚಿಗೊಂದರಂತೆ ಎರಡೂ ಕಡೆ ಕಟ್ಟಿ, ಮೇಲಿನಿಂದ 2 ಇಂಚು ಕೆಳಗೆ ನಿಲ್ಲುವಂತೆ ಕವರ್ ಬ್ಲಾಕ್ (ಸರಳಿನ ಕೆಳಗಿಡುವ ಸಣ್ಣ ಸಿಮೆಂಟ್ ತುಂಡು) ಮೇಲೆ ಕೂರಿಸಿ. ನೆಲಕ್ಕೆ ಅಂಟಿದ ಜಾಲರಿ ಇದ್ದೂ ಇಲ್ಲದಂತೆ. ಕಾಂಪೌಂಡ್ ಗೋಡೆ, ಗೇಟಿನ ಕಂಬದ ಪಕ್ಕ ಅರ್ಧ ಇಂಚಿನ ಥರ್ಮಾಕೋಲ್ ನಿಲ್ಲಿಸಿ. ಇಳಿಜಾರು 10 ಅಡಿಗೆ 2 ಇಂಚು, ರಸ್ತೆಯ ಕಡೆಗೆ. ಹಳೆಯದು ಹೊಸದು ಸೇರುವ ಗೆರೆಯನ್ನು ಗಾರೆ ಬಳಿದು ಮುಚ್ಚಬೇಡಿ, ಅದು ಜಾಯಿಂಟ್ ಆಗಿಯೇ ಉಳಿಯಲಿ, ಸೀಲೆಂಟ್ ಹಾಕಿ.

ಈಗ ಸಿಗುವ ಸಿಮೆಂಟ್ ಹೆಚ್ಚಾಗಿ ಪಿಪಿಸಿ (ಹಾರುಬೂದಿ ಬೆರೆತ, ನಿಧಾನವಾಗಿ ಗಟ್ಟಿಯಾಗುವ ಸಿಮೆಂಟ್), ಹಾಗಾಗಿ 10 ದಿನ ಗೋಣಿ ಹಾಸಿ ಒದ್ದೆ ಇಡಿ, ಬಿರುಬಿಸಿಲಿದ್ದರೆ 14 ದಿನ. ಅಲ್ಲಿಯವರೆಗೆ ಕಾರು ಹೊರಗಿರಲಿ.