ಸಹಾಯ ಬೇಕು: ಎಸ್‌ಎಸ್‌ಎಲ್‌ಸಿ ಪರೀಕ್ಷೆ-2 ಬರೆಯುವ ಮಕ್ಕಳಿಗೆ ಗಣಿತ ಹೇಳಿಕೊಡುವವರು
ಗುಂಪಿನ ಹಳೆಯ ವಿದ್ಯಾರ್ಥಿಗಳಿಗೆ ಹಾಗೂ ಪೋಷಕರಿಗೆ ನಮಸ್ಕಾರ. ನಮ್ಮೂರ ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಸಲ ಅನುತ್ತೀರ್ಣರಾದವರಲ್ಲಿ ಹೆಚ್ಚಿನವರು ಗಣಿತವೊಂದರಲ್ಲೇ ಹಿಂದುಳಿದಿದ್ದಾರೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿರುವುದರಿಂದ, ಈ ಮಕ್ಕಳು ಪರೀಕ್ಷೆ-2ರಲ್ಲಿ ತೇರ್ಗಡೆಯಾಗಿ ಇದೇ ವರ್ಷ ಪಿಯುಸಿಗೆ ಸೇರಿಕೊಳ್ಳಲು ಅವಕಾಶವಿದೆ. ಆದರೆ ಗಣಿತದ ಕಾಯಂ ಹುದ್ದೆ ಖಾಲಿಯಿದ್ದು, ಅತಿಥಿ ಶಿಕ್ಷಕರ ಅವಧಿಯೂ ಮುಗಿದಿದೆ; ಕೆಲವು ಮಕ್ಕಳು ಆಗಲೇ ಕೂಲಿಗೆ ಹೊರಟಿದ್ದಾರೆ (ಅವರನ್ನು ಮತ್ತೆ ಬೆಂಚಿಗೆ ಕರೆತರುವುದು ನಮ್ಮ ಪಾಲಿನ ಕೆಲಸ). ರಜೆಗೆ ಊರಿಗೆ ಬಂದಿರುವ ಬಿ.ಎಸ್ಸಿ., ಬಿ.ಇಡಿ. ಅಥವಾ ಎಂಜಿನಿಯರಿಂಗ್ ಓದಿದವರು ಯಾರಾದರೂ ಬೆಳಿಗ್ಗೆ ಎರಡು ಗಂಟೆ ಬಿಡುವು ಮಾಡಿಕೊಂಡು, ಥೇಲ್ಸ್ ಪ್ರಮೇಯ, ಸಮೀಕರಣಗಳ ನಕ್ಷೆ, ಸಂಖ್ಯಾಶಾಸ್ತ್ರದಂತಹ ಅಂಕ ತರುವ ಪಾಠಗಳನ್ನಷ್ಟೇ ಅಭ್ಯಾಸ ಮಾಡಿಸಿದರೂ ಸಾಕು. ಶಾಲೆಯ ಕೊಠಡಿ ತೆರೆದಿಡಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಬರಲು ಸಾಧ್ಯವಿರುವವರು ದಯವಿಟ್ಟು ಈ ಭಾನುವಾರದೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ.