ಹೈಗೇಟ್‌ನ ಆ ಗೋರಿ: ಮನೆ ಗುಂಪಿನ ಜಗಳ

ದೊಡ್ಡಪ್ಪ: (ಫಾರ್ವರ್ಡ್ ಫೋಟೋ) ಲಂಡನ್ನಿನ ಹೈಗೇಟ್ ಸ್ಮಶಾನ. ಜೂಲಿಯಸ್ ಬಿಯರ್ ಎಂಬ ಶೇರು ವ್ಯಾಪಾರಿಯ ಗೋರಿಮಂಟಪ. ಸತ್ತ ಮೇಲೂ ಬಿಡದ ಸೊಕ್ಕು ನೋಡಿ!

ಅಕ್ಕ: ದೊಡ್ಡಪ್ಪ, ಸೊಕ್ಕು ಅಂತ ಬರೆದವರು ಹೊರಗಿನ ಕಲ್ಲು ಮಾತ್ರ ನೋಡಿದ್ದಾರೆ. ಕಟ್ಟಿಸಿದ್ದು ಮಗಳಿಗಾಗಿ. ಏಡಾ. 1875ರಲ್ಲಿ ತೀರಿಕೊಂಡಾಗ ಎಂಟೇ ವರ್ಷ.

ಮಾವ: ಆದರೆ ಅದಕ್ಕೊಂದು ಕತೆ ಇದೆ ಅಲ್ವಾ? ಆತ ಫ್ರಾಂಕ್‌ಫರ್ಟ್‌ನಿಂದ ಬಂದ ಯಹೂದಿ. 'ದಿ ಅಬ್ಸರ್ವರ್' ಪತ್ರಿಕೆಯನ್ನೇ ಕೊಂಡರೂ ದೊಡ್ಡ ಮನೆತನದವರು ಹತ್ತಿರ ಸೇರಿಸಲಿಲ್ಲವಂತೆ. ಅವರು ಗಾಳಿ ಸೇವಿಸಲು ಬರುತ್ತಿದ್ದ ಸ್ಮಶಾನದ ಜಗಲಿಯಿಂದ ಊರೇ ಕಾಣದ ಹಾಗೆ ಈ ಮಂಟಪವನ್ನು ಅಡ್ಡ ಕಟ್ಟಿಸಿದನಂತೆ.

ಅಕ್ಕ: ಕೇಳಿದ್ದೇನೆ ಮಾವ. ಸೇಡೇ ಆಗಿದ್ದರೆ ಮಗಳ ಶಿಲ್ಪವನ್ನು ಹೊರಗೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಡಿಸುತ್ತಿದ್ದ. ಅದು ಇರುವುದು ಒಳಗೆ, ಬಾಗಿಲ ಹಿಂದೆ. ಬಿಳಿ ಅಮೃತಶಿಲೆ, ಶಿಲ್ಪಿ ಆರ್ಮ್‌ಸ್ಟೆಡ್ ಕೆತ್ತಿದ್ದು. ರೆಕ್ಕೆಯ ದೇವದೂತೆ ಬಾಗಿ ಮಗುವನ್ನು ಎತ್ತಿಕೊಳ್ಳುತ್ತಿದ್ದಾಳೆ. ಮಗು ಮುಖ ಮೇಲೆತ್ತಿದೆ. ಆ ಮುಖಕ್ಕೆ, ಏಡಾ ಸತ್ತ ಮೇಲೆ ಅವಳ ಮುಖದಿಂದ ತೆಗೆದ ಅಚ್ಚೇ ಮಾದರಿಯಂತೆ. ನಾನು ಅದರ ಮುಂದೆ ನಿಂತಾಗ ನನ್ನ ಮಗಳ ಕೈ ಬಿಡಲು ಆಗಲಿಲ್ಲ.

ಚಿಕ್ಕಮ್ಮ: ಅಯ್ಯೋ ದೇವರೇ.

ದೊಡ್ಡಪ್ಪ: ದುಃಖ ಇಲ್ಲ ಅನ್ನುತ್ತಿಲ್ಲ. ಆದರೆ ಖರ್ಚು ಸುಮಾರು 5,000 ಪೌಂಡ್ ಅಂತ ಹೇಳುತ್ತಾರೆ, ಆ ಕಾಲದ್ದು! ಆಗ ಬಡವರ ಮನೆಗಳಲ್ಲಿ ಎಷ್ಟು ಮಕ್ಕಳು ಸಾಯುತ್ತಿದ್ದವು. ಅವಕ್ಕೆ ಒಂದು ಕಲ್ಲಾದರೂ ಇತ್ತಾ?

ಅಕ್ಕ: ಇರಲಿಲ್ಲ. ಹೈಗೇಟ್‌ನಲ್ಲಿ ಸುಮಾರು 53,000 ಗೋರಿಗಳಲ್ಲಿ 1,70,000 ಜನ ಮಲಗಿದ್ದಾರೆ. ಬಹಳ ಜನರ ಗುರುತೇ ಇಲ್ಲ. ಆ ಮಾತು ಒಪ್ಪುತ್ತೇನೆ. ಅದಕ್ಕೆ ಈ ಅಪ್ಪನನ್ನು ಬೈಯುವುದು ಮಾತ್ರ ಸರಿಯಲ್ಲ. ಒಂದು ಕಾಲಕ್ಕೆ ಈ ಮಂಟಪದ ಒಳಗೆಲ್ಲಾ ಪಾರಿವಾಳದ ಹಿಕ್ಕೆ ತುಂಬಿತ್ತು. ಜನ ಕೂತು ತೆಗೆದು, ತೊಳೆದು ಉಳಿಸಿದ್ದಾರೆ. ಹಣವಂತನ ಮೇಲಿನ ಗೌರವಕ್ಕೆ ಯಾರಾದರೂ ಅಷ್ಟು ಕಷ್ಟಪಡ್ತಾರಾ?

ಮಾವ: ಅವನೂ ಅಲ್ಲೇ ಇದ್ದಾನಾ?

ಅಕ್ಕ: ಹೌದು. 1880ರಲ್ಲಿ ಹೋದ. ಮಗಳ ಜೊತೆಗೇ.

ದೊಡ್ಡಪ್ಪ: ಸರಿ, 'ಸೊಕ್ಕು' ಅನ್ನೋ ಪದ ತೆಗೆದು ಮತ್ತೆ ಹಾಕುತ್ತೇನೆ. ಖರ್ಚಿನ ಮಾತು ಬಿಡಲ್ಲ.

ಚಿಕ್ಕಮ್ಮ: ಭಾವ, ಆ ಹುಡುಗಿಯ ಹೆಸರೂ ಬರೆಯಿರಿ. ಮೊದಲಿನದರಲ್ಲಿ ಅಪ್ಪನ ಹೆಸರು ಮಾತ್ರ ಇತ್ತು.