ಮತ ಹಾಕಿ ಬಂದವರು ಸಮೀಕ್ಷೆಯಲ್ಲಿ ಹೇಳುವುದನ್ನು ಎಷ್ಟು ನಂಬಬಹುದು?

ರಾಜ್ಯಶಾಸ್ತ್ರ ವಿದ್ಯಾರ್ಥಿ, ಹಾಸನ

2024ರ ಲೋಕಸಭಾ ಚುನಾವಣೆಯಲ್ಲಿ ಬಹುತೇಕ ಎಕ್ಸಿಟ್ ಪೋಲ್‌ಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಸ್ಥಾನ ಕೊಟ್ಟಿದ್ದವು; ಜೂನ್ 4ರಂದು ಬಂದದ್ದು 293. ಇಷ್ಟಾದ ಮೇಲೂ ದೆಹಲಿಯ ಸಮಾಜವಿಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಸ್‌ಡಿಎಸ್‌ನ ಲೋಕನೀತಿ ತಂಡದ ರಾಷ್ಟ್ರೀಯ ಚುನಾವಣಾ ಅಧ್ಯಯನವನ್ನು ನಮ್ಮ ಅಧ್ಯಾಪಕರು ಆಧಾರವಾಗಿ ಬಳಸುತ್ತಾರೆ. ಅದೂ ಜನರನ್ನು ಕೇಳಿ ಬರೆದುಕೊಂಡದ್ದೇ ಅಲ್ಲವೇ? ಮತದಾನ ಮುಗಿದ ಮೇಲೆ, ಎಣಿಕೆಗೆ ಮೊದಲು ಮನೆಗೇ ಹೋಗಿ ಕೇಳುವುದು ಏಕೆ? ಕರ್ನಾಟಕದಲ್ಲಿ ಮೇ 7ಕ್ಕೇ ಮತದಾನ ಮುಗಿದಿದ್ದರೂ ಇಲ್ಲಿನ ಉತ್ತರಗಳು ಜೂನ್‌ವರೆಗೆ ಹೊರಬರಲಿಲ್ಲವೇಕೆ?

ಕ್ಷೇತ್ರಕಾರ್ಯಕರ್ತ, ರಾಯಚೂರು

ಎಕ್ಸಿಟ್ ಪೋಲ್‌ನವರು ಮತಗಟ್ಟೆಯಿಂದ ಹೊರಬರುವವರನ್ನು ತಡೆದು ಕೇಳುತ್ತಾರೆ. ಅಲ್ಲಿ ಯಾರು ನಿಂತು ಮಾತನಾಡುತ್ತಾರೋ ಅವರ ಉತ್ತರವಷ್ಟೇ ಸಿಗುತ್ತದೆ. ಲೋಕನೀತಿಯ ಅಧ್ಯಯನದಲ್ಲಿ ಕ್ಷೇತ್ರ, ಮತಗಟ್ಟೆ, ಕೊನೆಗೆ ಮತದಾರರ ಪಟ್ಟಿಯಿಂದ ವ್ಯಕ್ತಿ, ಹೀಗೆ ಹಂತಹಂತವಾಗಿ ಆಯ್ಕೆ ನಡೆಯುತ್ತದೆ. ಆಯ್ಕೆಯಾದ ವ್ಯಕ್ತಿಯನ್ನೇ ಹುಡುಕಿಕೊಂಡು ಹೋಗಬೇಕಾಗುತ್ತದೆ. ನಮ್ಮ ಕಡೆ ಇದು ಸುಲಭವಲ್ಲ: ಪಟ್ಟಿಯಲ್ಲಿ ಹೆಸರಿರುವವರು ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿರುತ್ತಾರೆ, ಮನೆಗೆ ಬೀಗ ಹಾಕಿರುತ್ತದೆ, ಪಕ್ಕದ ಮನೆಯವರು "ನಾನೇ ಹೇಳ್ತೀನಿ, ಬರಕೊಳ್ರಿ" ಎಂದು ಮುಂದೆ ಬರುತ್ತಾರೆ. ಅವರದನ್ನು ಬರೆದುಕೊಂಡರೆ ಮಾದರಿಯೇ (ಎಲ್ಲ ಮತದಾರರ ಪರವಾಗಿ ಆಯ್ದುಕೊಂಡ ಗುಂಪೇ) ಕೆಡುತ್ತದೆ. ಹೆಣ್ಣುಮಕ್ಕಳನ್ನು ಕೇಳುವಾಗ ಗಂಡನೋ ಮಾವನೋ ಬಾಗಿಲಲ್ಲಿ ನಿಂತು ಉತ್ತರಿಸುವುದು ಇದಕ್ಕಿಂತ ದೊಡ್ಡ ತೊಡಕು.

ಯಾರಿಗೆ ಮತ ಹಾಕಿದಿರಿ ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಪಕ್ಷಗಳ ಚಿಹ್ನೆಗಳಿರುವ ನಕಲಿ ಮತಪತ್ರವನ್ನು ಕೈಗೆ ಕೊಟ್ಟು, ಗುರುತು ಹಾಕಿ, ಮಡಚಿ ಪೆಟ್ಟಿಗೆಗೆ ಹಾಕಲು ಹೇಳಲಾಗುತ್ತದೆ. ಎಣಿಕೆಗೆ ಮೊದಲೇ ಕೇಳುವ ಕಾರಣವೂ ಸರಳ: ಫಲಿತಾಂಶ ಬಂದ ಮರುದಿನ ಕೇಳಿದರೆ, ಗೆದ್ದವರಿಗೇ ಮತ ಹಾಕಿದ್ದೆವು ಎನ್ನುವವರ ಸಂಖ್ಯೆ ನಿಜಕ್ಕಿಂತ ಹೆಚ್ಚಾಗುತ್ತದೆ.

ಸಂಖ್ಯಾಶಾಸ್ತ್ರ ಅಧ್ಯಾಪಕಿ

ಪ್ರಕಟಣೆ ತಡವಾಗುವುದಕ್ಕೆ ಕಾನೂನೇ ಕಾರಣ. ಪ್ರಜಾಪ್ರತಿನಿಧಿ ಕಾಯ್ದೆ, 1951ರ 126ಎ ಕಲಮಿನಂತೆ, ಮೊದಲ ಹಂತದ ಮತದಾನ ಆರಂಭವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯಾಗುವವರೆಗೆ ಇಂಥ ಫಲಿತಾಂಶವನ್ನು ಪ್ರಕಟಿಸುವಂತಿಲ್ಲ. ತಪ್ಪಿದರೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. 2024ರಲ್ಲಿ ಆ ಗಡುವು ಜೂನ್ 1ರ ಸಂಜೆ ಆರೂವರೆಗೆ ಮುಗಿಯಿತು.

ಇನ್ನು, ಎಕ್ಸಿಟ್ ಪೋಲ್‌ಗಳು ಎಡವಿದ್ದಕ್ಕೆ ಜನರು ಸುಳ್ಳು ಹೇಳಿದ್ದೇ ಕಾರಣ ಎಂದು ತೀರ್ಮಾನಿಸುವುದು ಆತುರವಾದೀತು. ಮತಪ್ರಮಾಣವನ್ನು ಸ್ಥಾನಗಳಿಗೆ ಪರಿವರ್ತಿಸುವ ಲೆಕ್ಕವೇ ಬಹಳ ಜಾರುವಂಥದ್ದು. 2019ರಿಂದ 2024ಕ್ಕೆ ಬಿಜೆಪಿಯ ಮತ ಶೇ. 37.4ರಿಂದ ಶೇ. 36.6ಕ್ಕೆ ಇಳಿಯಿತು, ಸ್ಥಾನಗಳು ಮಾತ್ರ 303ರಿಂದ 240ಕ್ಕೆ ಕುಸಿದವು. ನಮ್ಮ ರಾಜ್ಯದಲ್ಲೇ ನೋಡಿ: ಬಿಜೆಪಿಗೆ ಶೇ. 46, ಕಾಂಗ್ರೆಸ್ಸಿಗೆ ಶೇ. 45ಕ್ಕೂ ಮಿಗಿಲು, ಆದರೆ ಸ್ಥಾನಗಳು 17 ಮತ್ತು 9. ಕಾಂಗ್ರೆಸ್ 28 ಕ್ಷೇತ್ರಗಳಲ್ಲೂ ಸ್ಪರ್ಧಿಸಿತ್ತು, ಬಿಜೆಪಿ ಮೂರನ್ನು ಜೆಡಿಎಸ್‌ಗೆ ಬಿಟ್ಟಿತ್ತು ಎಂಬುದನ್ನೂ ಸೇರಿಸಿಕೊಂಡರೆ, ಎಷ್ಟೇ ಶ್ರದ್ಧೆಯಿಂದ ಅಳೆದ ಮತಪ್ರಮಾಣವೂ ಸ್ಥಾನಗಳ ಮಟ್ಟಿಗೆ ಎಷ್ಟು ಕಡಿಮೆ ಹೇಳುತ್ತದೆ ಎಂಬುದು ಗೊತ್ತಾಗುತ್ತದೆ. ಟಿವಿಯವರಿಗೆ ಬೇಕಾದದ್ದು ಸ್ಥಾನ. ಸಂಶೋಧಕರಿಗೆ ಬೇಕಾದದ್ದು ಯಾವ ವರ್ಗದವರು, ಏಕೆ ಎಂಬುದು.

ನನ್ನ ಆಕ್ಷೇಪವಿರುವುದು ಬೇರೆ ಕಡೆ. ಸಿಕ್ಕ ಮಾದರಿಯನ್ನು ಜನಸಂಖ್ಯೆಗೆ ಹೊಂದಿಸಲು ಜನಗಣತಿ ಬೇಕು. 2021ರದು ನಡೆಯಲಿಲ್ಲವಾದ್ದರಿಂದ 2024ರಲ್ಲೂ 2011ರ ಅಂಕಿಗಳನ್ನೇ ನೆಚ್ಚಬೇಕಾಯಿತು. ಬೆಂಗಳೂರಿನಂಥ ಊರಿನ ಮಟ್ಟಿಗೆ ಇದು ಸಣ್ಣ ವಿಷಯವಲ್ಲ.

ರಾಜ್ಯಶಾಸ್ತ್ರ ವಿದ್ಯಾರ್ಥಿ, ಹಾಸನ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಲೋಕನೀತಿಯ 2024ರ ಚುನಾವಣಾಪೂರ್ವ ಸಮೀಕ್ಷೆಯಲ್ಲಿ ಶೇ. 27ರಷ್ಟು ಜನ ನಿರುದ್ಯೋಗವೇ ಮುಖ್ಯ ವಿಷಯವೆಂದದ್ದನ್ನು ಸರ್ಕಾರದ ವಿರುದ್ಧದ ಅಲೆಯೆಂದು ಓದಬಹುದೇ?

ಸಂಖ್ಯಾಶಾಸ್ತ್ರ ಅಧ್ಯಾಪಕಿ

ಅಷ್ಟರಿಂದಲೇ ಹಾಗೆ ಓದಲಾಗದು. ಅದೇ ಸಮೀಕ್ಷೆಯಲ್ಲಿ ಶೇ. 23ರಷ್ಟು ಜನ ಬೆಲೆ ಏರಿಕೆಯನ್ನು ಹೆಸರಿಸಿದ್ದರು. ಆದರೂ ಮತದ ಪ್ರಶ್ನೆಯಲ್ಲಿ ಎನ್‌ಡಿಎಯೇ ಮುಂದಿತ್ತು. ಕೆಲಸವಿಲ್ಲವೆಂದು ನೊಂದವರೆಲ್ಲ ಅದರ ಹೊಣೆಯನ್ನು ಕೇಂದ್ರದ ಮೇಲೇ ಹೊರಿಸುವುದಿಲ್ಲ. ಕೆಲವರು ರಾಜ್ಯ ಸರ್ಕಾರವನ್ನು ದೂರುತ್ತಾರೆ, ಇನ್ನು ಕೆಲವರು ವಿರೋಧ ಪಕ್ಷದಿಂದಲೂ ಆಗದೆಂದು ಭಾವಿಸುತ್ತಾರೆ. ಆಯ್ಕೆಗಳನ್ನು ಓದಿ ಹೇಳಿ ಕೇಳಿದ್ದರೇ, ಇಲ್ಲವೇ ಮತದಾರರ ಮಾತಿಗೇ ಬಿಟ್ಟಿದ್ದರೇ ಎಂಬುದನ್ನು ಪ್ರಶ್ನಾವಳಿಯಲ್ಲಿ ಮೊದಲು ನೋಡಿಕೊಳ್ಳಿ. ಆಮೇಲೆ, ನಿರುದ್ಯೋಗವೆಂದವರು ಯಾರಿಗೆ ಮತ ಹಾಕುವೆವೆಂದರು ಎಂಬ ಕೋಷ್ಟಕವನ್ನು ವಯಸ್ಸಿನ ಪ್ರಕಾರ ಬಿಡಿಸಿ ಓದಿ.